ಕಂಬಳಿಯೊಳಗಿನ ಮೈಕಣ್ಣ

ಹಸಿದ ಕರು ಅಂಬಾ ಎನ್ನುತ್ತದೆ. ಬಾಲ ತುಳಿಸಿಕೊಂಡ ಬೆಕ್ಕು ಚೀರುತ್ತದೆ. ತನಗೇನು ಬೇಕು, ಎಲ್ಲಿ ನೋವು ಎಂದು ಬಾಯಿಬಿಟ್ಟು ಹೇಳುವ ವಿದ್ಯೆಯನ್ನು ಭಗವಂತ ಎಲ್ಲ ಜೀವಿಗಳಿಗೂ ಧಾರಾಳವಾಗಿಯೇ ಕೊಟ್ಟಿದ್ದಾನೆ. ಮನುಷ್ಯನಿಗೆ ಮಾತ್ರ ಅದರ ಜೊತೆಗೆ ಇನ್ನೊಂದನ್ನು ಸೇರಿಸಿ ಕೊಟ್ಟ, ಮುನಿಸು. ಯಾಕೆ ಕೊಟ್ಟನೋ ಅವನಿಗೇ ಗೊತ್ತು. ಅವನ ಲೀಲೆಯನ್ನು ಪ್ರಶ್ನಿಸಬಾರದು ಎಂದು ಹಿರಿಯರು ಹೇಳುತ್ತಾರೆ. ಹಾಗೆ ಹೇಳಿದ ಹಿರಿಯರು ಯಾರೂ ಮೈಕಣ್ಣನ ಜೊತೆ ಸಂಸಾರ ಮಾಡಿದವರಲ್ಲ.

ಮೈಕಣ್ಣ ಬಸ್ ನಿಲ್ದಾಣದ ವಿಚಾರಣೆ ಕೊಠಡಿಯಲ್ಲಿ ಮೈಕಿನ ಮುಂದೆ ಕೂತು ಬಸ್ಸು ಕೂಗುವವನು. ಕೊಠಡಿಗೆ ಮೂರು ಕಡೆ ಗಾಜು, ಒಂದು ಕಡೆ ಗೋಡೆ, ಗೋಡೆಯ ಮೇಲೆ ನಿಂತುಹೋದ ಗಡಿಯಾರ. ಅವನ ಕಂಠ ಎಂಥದೆಂದರೆ, "ಹೊರಡಲು ಸಿದ್ಧವಾಗಿದೆ" ಎಂದು ಅವನು ಹೇಳಿದ ಮೇಲೆ ಡ್ರೈವರು ಬಾಯಿಗಿಟ್ಟ ಬನ್ನನ್ನು ಹಾಗೇ ಕಚ್ಚಿಕೊಂಡು ಬಂದು ಗಾಡಿ ಹತ್ತುತ್ತಿದ್ದ. ಗುಂಪಿನಲ್ಲಿ ಮಕ್ಕಳು ತಪ್ಪಿಸಿಕೊಂಡರೆ ಅವರನ್ನು ತಂದು ಇವನ ಪಕ್ಕದ ಸ್ಟೂಲಿನ ಮೇಲೆ ಕೂರಿಸುತ್ತಿದ್ದರು. "ಪ್ರಯಾಣಿಕರ ಗಮನಕ್ಕೆ. ಕೆಂಪು ಅಂಗಿ ತೊಟ್ಟ ಒಂದು ಮಗು ಸಿಕ್ಕಿದೆ. ಸಂಬಂಧಪಟ್ಟವರು ವಿಚಾರಣೆ ಕೊಠಡಿಗೆ ಬಂದು ಕರೆದುಕೊಂಡು ಹೋಗತಕ್ಕದ್ದು" ಎಂದು ಅವನು ಹೇಳುವಾಗ ಅಳುತ್ತಿದ್ದ ಮಗು ಅಳು ನಿಲ್ಲಿಸಿ ಅವನ ಬಾಯನ್ನೇ ನೋಡುತ್ತಿತ್ತು.

ಇಷ್ಟು ಜನಕ್ಕೆ ದಾರಿ ಹೇಳುವ ಆ ಬಾಯಿ ಮನೆಯಲ್ಲಿ ಒಂದು ಸಣ್ಣ ನೋವಾದರೆ ಬೀಗ ಜಡಿದುಕೊಳ್ಳುತ್ತಿತ್ತು. ಕ್ರಮ ಹೀಗೆ: ಚಪ್ಪಲಿಯನ್ನು ಸದ್ದಿಲ್ಲದೆ ಬಿಡುವುದು. ನೇರ ಕೋಣೆಗೆ ಹೋಗಿ ಮಲಗುವುದು. ಬೇಸಿಗೆಯಿರಲಿ, ಚಳಿಯಿರಲಿ, ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಳ್ಳುವುದು. ಆಮೇಲೆ ಕಾಯುವುದು. ಹೆಂಡತಿ ಬಂದು "ಏನಾಯ್ತು?" ಎಂದು ಕೇಳಬೇಕು. ಮೊದಲ ಸಲ ಕೇಳಿದ್ದು ಲೆಕ್ಕಕ್ಕಿಲ್ಲ, ಅದನ್ನು ದಾರಿಹೋಕರೂ ಕೇಳುತ್ತಾರೆ. ಎರಡನೇ ಸಲದ್ದು ಬರೀ ಮರ್ಯಾದೆ. ಮೂರನೇ ಸಲ ಕೇಳಿದರೆ ಅದು ಪ್ರೀತಿ. ಆಗ ಕಂಬಳಿಯ ಒಂದು ಮೂಲೆ ಸರಿಯುತ್ತಿತ್ತು, ಒಳಗಿಂದ ಬೆವರಿದ ಮುಖವೊಂದು ಹೊರಬಂದು, "ಬಿಡು, ಹೇಳಿ ಏನು ಪ್ರಯೋಜನ" ಎನ್ನುತ್ತಿತ್ತು. ಅಲ್ಲಿಂದ ಮುಂದೆ ಸಮಾಧಾನ ಮಾಡುವ ಕೆಲಸ.

ಇದನ್ನು ಕಲಿಸಿದವಳು ಅವನ ತಾಯಿ. ಆ ತಾಯಿ ಸಾಯುವ ಮುಂಚೆ ಹೊಸ ಸೊಸೆಯನ್ನು ಹತ್ತಿರ ಕರೆದು, "ಮೂರು ಸಲ ಕೇಳ್ಬೇಕಮ್ಮ. ಎರಡೇ ಸಲ ಕೇಳಿ ಬಿಟ್ರೆ ಆಗಲ್ಲ" ಎಂದಿದ್ದಳು, ಹಳೇ ಬಾಗಿಲಿನ ಚಿಲಕ ಹೇಗೆ ತೆಗೆಯಬೇಕೆಂದು ಹೇಳಿಕೊಡುವವರ ಹಾಗೆ. ಸೊಸೆ ತಮಾಷೆಯೆಂದು ನಕ್ಕಿದ್ದಳು. ನಗು ಅಲ್ಲಿಗೇ ಮುಗಿಯಿತು. ಅವಳು ಪಕ್ಕದ ಮನೆಯವರ ಜೋಕಿಗೆ ಜಾಸ್ತಿ ನಕ್ಕಳೆಂದು ಕಂಬಳಿ. ಅವನು ಕ್ಷೌರ ಮಾಡಿಸಿಕೊಂಡು ಬಂದದ್ದನ್ನು ನೋಡಲಿಲ್ಲವೆಂದು ಕಂಬಳಿ. ನೋಡಿ "ಚೆನ್ನಾಗಿದೆ" ಎಂದರೆ, "ಹಾಗಾದ್ರೆ ಇಷ್ಟು ದಿನ ಚೆನ್ನಾಗಿರ್ಲಿಲ್ಲ" ಎಂದು ಕಂಬಳಿ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಇದೆ. ಈ ಮನೆಯಲ್ಲಿ ಗಂಡನೂ ಕೂಸೂ ಒಬ್ಬನೇ ಆಗಿದ್ದರಿಂದ ಬಡವಾಗುವ ಕೆಲಸ ಹೆಂಡತಿಯ ಪಾಲಿಗೆ ಬಂತು.

ಅವಳು ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಇಡೀ ದಿನ ಮಾರುಗಟ್ಟಲೆ ಬಟ್ಟೆಯನ್ನು ನೇರ ಕತ್ತರಿಸಿ, ನೇರ ಹೊಲಿದು, ಮನೆಗೆ ಬಂದು ಸೊಟ್ಟ ಗಂಡನನ್ನು ನೇರ ಮಾಡುತ್ತಿದ್ದಳು.

ಒಂದು ದಿನ ಸಂಜೆ ಅವಳಿಗೆ ಅವಳ ತಂಗಿಯಿಂದ ಫೋನು ಬಂತು. ತಂಗಿಗೆ ಗಂಡನಿಲ್ಲ, ಮಕ್ಕಳಿಲ್ಲ. ಬೇರೆ ಊರಿನಲ್ಲಿ ಒಬ್ಬಳೇ ಇದ್ದಳು. ಹೊಟ್ಟೆಯಲ್ಲಿ ಗಡ್ಡೆ ಬೆಳೆದಿದೆ, ವಾರದ ಕೊನೆಗೆ ಆಪರೇಷನ್ ಎಂದಳು. "ಒಳಗೆ ಕರ್ಕೊಂಡು ಹೋಗೋವಾಗ ಬಾಗಿಲ ಹತ್ರ ನೀನು ನಿಂತಿರು ಅಕ್ಕ. ನಾನು ತಿರುಗಿ ನೋಡಿದ್ರೆ ಯಾರಾದ್ರೂ ಕಾಣ್ಬೇಕು, ಅಷ್ಟೇ ಸಾಕು" ಎಂದಳು. "ಬರ್ತೀನಿ ಕಣೇ" ಎಂದು ಇವಳು ಫೋನಿಟ್ಟಳು.  ಕೈಗೆ ಏನಾದರೂ ಹಿಡಿದುಕೊಳ್ಳಲು ಬೇಕಿತ್ತು. ಒಂದು ಲೋಟ ಟೀ ಮಾಡಿ, ಅಡುಗೆಮನೆಯ ಕಿಟಕಿಯ ಹತ್ತಿರ ನಿಂತುಕೊಂಡೇ ಕುಡಿದು, ಲೋಟ ತೊಳೆದು ಬೋರಲು ಹಾಕಿದಳು.

ಮೈಕಣ್ಣ ಬಂದವನೇ ನೋಡಿದ್ದು ಆ ಬೋರಲು ಲೋಟವನ್ನು.

ದಿನಾ ಸಂಜೆ ಇಬ್ಬರೂ ಒಟ್ಟಿಗೆ ಟೀ ಕುಡಿಯುವುದು ವಾಡಿಕೆ. ಇವತ್ತು ಲೋಟ ಒದ್ದೆಯಾಗಿದೆ, ಒಂದೇ ಇದೆ. ಕೊಲೆ ನಡೆದ ಜಾಗದಲ್ಲಿ ಪೊಲೀಸರು ಚಾಕುವನ್ನು ನೋಡುವಂತೆ ಅವನು ಅದನ್ನು ನೋಡಿದ. ಹೆಂಡತಿಯ ಮುಖವನ್ನು ನೋಡಲಿಲ್ಲ. ನೋಡಿದ್ದರೆ ಈ ಕಥೆ ಇಲ್ಲಿಗೇ ಮುಗಿದು, ನಾವೆಲ್ಲ ನಮ್ಮ ನಮ್ಮ ಕೆಲಸ ನೋಡಿಕೊಳ್ಳಬಹುದಿತ್ತು. ಅವನು ಸೀದಾ ಕೋಣೆಗೆ ಹೋಗಿ ಕಂಬಳಿ ಎಳೆದುಕೊಂಡ.

ಅವಳು ಬಾಗಿಲಿಗೆ ಬಂದಳು. "ಏನಾಯ್ತು?"

ಕಂಬಳಿ ಅಲುಗಲಿಲ್ಲ.

"ತಂಗಿ ಫೋನ್ ಮಾಡಿದ್ಲು. ಅವಳಿಗೆ ಆಪರೇಷನ್ ಅಂತೆ ರೀ. ನಾನು ಹೋಗ್ಬೇಕು."

ಕಂಬಳಿಯೊಳಗೆ ಅದು ಚೆನ್ನಾಗಿಯೇ ಕೇಳಿಸಿತು. ಆದರೆ ಅದು ಅವನ ಬಗ್ಗೆ ಕೇಳಿದ ಪ್ರಶ್ನೆಯಲ್ಲ. ಆದ್ದರಿಂದ ಅದಕ್ಕೆ ಉತ್ತರ ಕೊಡುವುದು ನಿಯಮದಲ್ಲಿ ಇರಲಿಲ್ಲ.

"ಏನಾಯ್ತು ಅಂತ ಕೇಳ್ದೆ."

ಎರಡನೆಯದು. ಮೈಕಣ್ಣ ಒಳಗೇ ಗಂಟಲು ಸರಿಮಾಡಿಕೊಂಡ. "ಬಿಡು, ಹೇಳಿ ಏನು ಪ್ರಯೋಜನ" ಎಂಬುದನ್ನು ಯಾವ ಸ್ವರದಲ್ಲಿ ಹೇಳಬೇಕೆಂದು ಯೋಚಿಸಿಟ್ಟುಕೊಂಡ. ಕಂಬಳಿಯ ಮೂಲೆಯನ್ನು ಬೆರಳಲ್ಲಿ ಹಿಡಿದು ಸಿದ್ಧನಾದ. ಆಗ ಬಾಗಿಲಿನಿಂದ ಹೆಜ್ಜೆಯ ಸದ್ದು ಕೇಳಿಸಿತು. ಹತ್ತಿರ ಬರುವ ಸದ್ದಲ್ಲ. ದೂರ ಹೋಗುವ ಸದ್ದು.

ಮದುವೆಯಾದಾಗಿನಿಂದ ಮೊದಲ ಸಲ ಆ ಮನೆಯಲ್ಲಿ ಮೂರನೇ ಸಲ ಯಾರೂ ಕೇಳಲಿಲ್ಲ.

ಬೆಳಿಗ್ಗೆ ಎದ್ದಾಗ ಮೈಕಣ್ಣ ಒಂದು ತೀರ್ಮಾನಕ್ಕೆ ಬಂದಿದ್ದ: ಅವಳು ಕೇಳುವವರೆಗೂ ಈ ಬಾಯಿಂದ ಒಂದಕ್ಷರ ಹೊರಡಕೂಡದು. ಲೋಕದಲ್ಲಿ ಎಷ್ಟೋ ದೊಡ್ಡವರು ಎಷ್ಟೋ ದೊಡ್ಡ ಕಾರಣಕ್ಕೆ ಮೌನವ್ರತ ಹಿಡಿದಿದ್ದಾರೆ. ಒಂದು ಲೋಟ ಟೀಗಾಗಿ ಹಿಡಿದವನು ಇವನೊಬ್ಬನೇ ಇರಬೇಕು.

ಅಷ್ಟು ಹೊತ್ತಿಗೆ ಎದುರುಮನೆಯ ಕಾಂಪೌಂಡರು ಒಳಗೆ ಬಂದರು. ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದವರು. ಆಸ್ಪತ್ರೆ ಅವರನ್ನು ಬಿಟ್ಟಿತ್ತೇ ಹೊರತು ಅವರು ಆಸ್ಪತ್ರೆಯನ್ನು ಬಿಟ್ಟಿರಲಿಲ್ಲ. "ಮೈಕಣ್ಣ, ನನ್ನ ಮಗಳ ಊರಿಗೆ ಬೆಳಗಿನ ಬಸ್ಸು ಎಷ್ಟು ಹೊತ್ತಿಗಪ್ಪ?" ಎಂದು ಕೇಳಿದರು.

ಮೈಕಣ್ಣ ಅಭ್ಯಾಸಬಲದಿಂದ ಬಾಯಿ ತೆರೆದ. ಅಡುಗೆಮನೆಯಲ್ಲಿ ಬಳೆ ಸದ್ದಾಯಿತು. ಬಾಯಿ ಮುಚ್ಚಿದ. ಯಾರ ಜೊತೆ ಮಾತಾಡಿದರೂ ಅವಳಿಗೆ ಕೇಳಿಸುತ್ತದೆ, ಕೇಳಿಸಿದರೆ ಸೋತಂತೆ. ಪಾಪ, ಮತ್ತೆ ಬಾಯಿ ತೆರೆದ, ಮತ್ತೆ ಮುಚ್ಚಿದ. ದಡಕ್ಕೆ ಬಿದ್ದ ಮೀನಿನ ಹಾಗೆ ಕಂಡ.

ಕಾಂಪೌಂಡರ ಕಣ್ಣು ಮಿಂಚಿತು. "ಬಾಯಿ ದೊಡ್ಡದಾಗಿ ತೆಗಿ. ಆ ಅನ್ನು."

ಬಾಯಿ ತೆರೆಯಿತು. ಆ ಬರಲಿಲ್ಲ.

"ಆ ಬರ್ತಿಲ್ಲ" ಎಂದು ಕಾಂಪೌಂಡರು ನಿಧಾನವಾಗಿ, ಬಹಳ ದಿನದಿಂದ ರೋಗಿ ಸಿಗದವರ ತೃಪ್ತಿಯಿಂದ ಹೇಳಿದರು. "ಧ್ವನಿಪೆಟ್ಟಿಗೆ ಹೋಗಿದೆ."

"ಎಲ್ಲೂ ಹೋಗಿಲ್ಲ ಕಾಂಪೌಂಡ್ರೇ" ಎಂದಳು ಹೆಂಡತಿ ಒಳಗಿನಿಂದ. "ಆ ಅನ್ನಕ್ಕೆ ಅವರಿಗೆ ಇಷ್ಟ ಇಲ್ಲ ಅಷ್ಟೇ. ಮುನಿಸ್ಕೊಂಡಿದಾರೆ."

"ಮುನಿಸು ಕಿಬ್ಬೊಟ್ಟೇಲಿ ಇರುತ್ತಮ್ಮ, ಗಂಟಲಲ್ಲಿ ಇರಲ್ಲ. ನೀವೇನು ಡಾಕ್ಟ್ರಾ?"

"ನೀವೂ ಅಲ್ವಲ್ಲ."

ಕಾಂಪೌಂಡರಿಗೆ ಈ ಮಾತು ನಾಟಿತು. ಅವರು ಬೀದಿಗಿಳಿದು ಮನೆಮನೆಗೂ ಎರಡು ಸುದ್ದಿ ಮುಟ್ಟಿಸಿದರು: ಮೈಕಣ್ಣನ ಗಂಟಲು ಹೋಗಿದೆ, ಅವನ ಹೆಂಡತಿಗೆ ಕರುಣೆಯಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮನೆ ತುಂಬಿತು. ಒಬ್ಬರು ಬಿಸಿನೀರು ತಂದರು, ಒಬ್ಬರು ಜೇನು, ಒಬ್ಬರು ಉಣ್ಣೆಯ ಮಫ್ಲರು. ಮೂಲೆಮನೆಯ ಮುದುಕಿ ಅವನ ಬೆನ್ನ ಹಿಂದೆ ದಿಂಬಿಟ್ಟು, "ಮಾತಾಡ್ಬೇಡ ಮಗ, ಆಯಾಸ ಆಗುತ್ತೆ" ಎಂದು ತಲೆ ಸವರಿದಳು. ಮೈಕಣ್ಣನ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಒಂದು ಸಲವೂ ಕೇಳದೆ ಇಷ್ಟು ಜನ ಸಮಾಧಾನ ಮಾಡುತ್ತಿದ್ದಾರೆ. ತಾಯಿ ಸತ್ತ ಮೇಲೆ ಇಂಥ ಸುಖ ಅವನಿಗೆ ಸಿಕ್ಕಿರಲಿಲ್ಲ. ಮೊದಲು ಬಾಯಿ ಮುಚ್ಚಿದ್ದು ಹಟಕ್ಕೆ. ಈಗ ಅದು ಲಾಭದ ಬಾಬತ್ತಾಯಿತು.

ಸಂಜೆ ಬಸ್ ನಿಲ್ದಾಣದ ಕಂಟ್ರೋಲರು ಬಂದರು. ಕೆಂಡದಂತೆ ಬಂದರು. "ಏನ್ರೀ ಇದು? ನಿಲ್ದಾಣ ಸಂತೆ ಆಗಿದೆ. ಮದುವೆಗೆ ಹೊರಟವರು ಜೈಲಿಗೆ ಹೋಗೋ ಸಿಬ್ಬಂದಿ ಬಸ್ಸು ಹತ್ತಿಬಿಟ್ರು. ಮದುಮಗನೂ ಸೇರಿ. ಹಾಳು ಗಂಟಲು ಇವತ್ತೇ ಕೆಡ್ಬೇಕಿತ್ತಾ?"

ಮೈಕಣ್ಣ ಮಫ್ಲರು ಮುಟ್ಟಿಕೊಂಡು ಕೆಮ್ಮಿದ.

"ಅವರ ಗಂಟಲಿಗೆ ಏನೂ ಆಗಿಲ್ಲ ಸಾರ್. ನಾನು ಟೀ ಕುಡಿದೆ ಅಂತ ಮಾತು ಬಿಟ್ಟಿದಾರೆ" ಎಂದಳು ಹೆಂಡತಿ.

ಕಂಟ್ರೋಲರು ಅವಳನ್ನು ಮೇಲಿಂದ ಕೆಳಗೆ ನೋಡಿದರು. "ತಾಯಿ, ನನಗೂ ಮದುವೆಯಾಗಿದೆ. ಟೀಗೆಲ್ಲ ಗಂಡಸರು ಮಾತು ಬಿಡಲ್ಲ."

ಸತ್ಯಕ್ಕೆ ಒಂದು ದೋಷವಿದೆ. ಅದು ತೀರಾ ಸಣ್ಣದಾಗಿದ್ದರೆ ಯಾರೂ ನಂಬುವುದಿಲ್ಲ.

ಕೊನೆಗೆ ಕಾಂಪೌಂಡರೇ ಒಂದು ದಾರಿ ತೋರಿಸಿದರು. ಮೈಕಣ್ಣ ಪಕ್ಕದಲ್ಲಿ ಕೂತು ಬೆರಳಲ್ಲಿ ಪ್ಲಾಟ್‌ಫಾರಂ ತೋರಿಸಲಿ, ಮೈಕಿನಲ್ಲಿ ನಾನು ಹೇಳುತ್ತೇನೆ ಎಂದರು. ರೋಗಿಯ ಮೇಲೆ ಕಣ್ಣಿಟ್ಟ ಹಾಗೂ ಆಯಿತು. ಮರುದಿನದಿಂದ ನಿಲ್ದಾಣದ ಜನ ಹೊಸ ಬಗೆಯ ಪ್ರಕಟಣೆ ಕೇಳತೊಡಗಿದರು. "ಪ್ರಯಾಣಿಕರ ಗಮನಕ್ಕೆ. ಈ ಬಸ್ಸು ದಿನಕ್ಕೆ ಎರಡು ಸಲ, ಬೆಳಿಗ್ಗೆ ಒಂದು, ಊಟವಾದ ಮೇಲೆ ಒಂದು. ವಾಂತಿ ಬಂದರೆ ನಿಲ್ಲಿಸತಕ್ಕದ್ದು." ತಪ್ಪಿಸಿಕೊಂಡ ಮಗುವೊಂದು ಬಂದಾಗ, "ಒಂದು ಮಗು ಸಿಕ್ಕಿದೆ. ತಂಪಾದ, ಒಣಗಿದ ಜಾಗದಲ್ಲಿ ಇಟ್ಟಿದ್ದೇವೆ" ಎಂದರು. ಆ ಮಗುವಿನ ತಾಯಿ ಓಡಿಬಂದ ವೇಗಕ್ಕೆ ಗಾಜಿನ ಬಾಗಿಲು ಬಿರುಕುಬಿಟ್ಟಿತು.

ಹೆಂಡತಿ ಹೊರಡುವ ಹಿಂದಿನ ದಿನ ಮೈಕಣ್ಣನ ಅಕ್ಕ ಬಂದಿಳಿದಳು. ಚಿಕ್ಕಂದಿನಲ್ಲಿ ಅವನು ಕಂಬಳಿ ಹೊದ್ದರೆ ಒಳಗೆ ಬೆಲ್ಲ ತೂರಿಸುತ್ತಿದ್ದವಳು ಇವಳೇ. ಬಾಗಿಲಲ್ಲೇ ನಿಂತು, "ಪುಟ್ಟಾ" ಎಂದು ಗೋಳಾಡಿದಳು. ಮೀಸೆಯಲ್ಲಿ ಅರ್ಧ ನರೆಗೂದಲಿರುವ ಪುಟ್ಟ ಅವಳ ಭುಜಕ್ಕೆ ಒರಗಿಕೊಂಡ. ಆಗ ಅಕ್ಕನ ಕಣ್ಣು ಬಾಗಿಲ ಪಕ್ಕದಲ್ಲಿ ತುಂಬಿಟ್ಟಿದ್ದ ಚೀಲದ ಮೇಲೆ ಬಿತ್ತು.

"ಇದ್ಯಾರ ಚೀಲ?"

"ನಂದು ಅತ್ತಿಗೆ. ನಾಳೆ ತಂಗಿ ಊರಿಗೆ ಹೋಗ್ತಿದೀನಿ. ಅವಳಿಗೆ ಆಪರೇಷನ್ ಇದೆ."

"ಕಟ್ಕೊಂಡ ಗಂಡನಿಗೆ ಬಾಯಿಂದ ಮಾತು ಹೊರಡ್ತಿಲ್ಲ. ನೀನು ತಂಗಿ ಮನೆಗೆ ಹೊರಟಿದೀಯ. ಏನಮ್ಮಾ, ಎದೇಲಿ ಕಲ್ಲಿದೆಯಾ?"

"ಕಲ್ಲಾದ್ರೂ ಇದ್ದಿದ್ರೆ ಚೆನ್ನಾಗಿತ್ತು. ಎತ್ತಿ ಹಾಕಕ್ಕೆ ಏನಾದ್ರೂ ಸಿಗ್ತಿತ್ತು."

ಜಗಲಿಯಲ್ಲಿದ್ದ ನೆರೆಹೊರೆಯವರು ಒಟ್ಟಿಗೆ ಉಸಿರೆಳೆದುಕೊಂಡರು. "ಕೇಳಿದ್ರಾ?" ಎಂದರು ಕಾಂಪೌಂಡರು. ಅವರ ದನಿ ಆಗಲೇ ಸ್ವಲ್ಪ ಒಡೆದಿತ್ತು. ಅಭ್ಯಾಸವಿಲ್ಲದ ಗಂಟಲು, ಬಸ್ಸಿನ ಹೊಗೆ.

ಹೆಂಡತಿ ಗಂಡನ ಮುಂದೆ ಬಂದು ನಿಂತಳು. ಮುಖ ಕೆಂಪಾಗಿತ್ತು, ದನಿ ಮಾತ್ರ ಏರಲಿಲ್ಲ. ಅವಳ ಕೋಪ ಕತ್ತರಿಯಂಥದು, ಸದ್ದು ಕಡಿಮೆ. "ರೀ, ಇಷ್ಟು ಜನ ಇದಾರೆ. ಇವರ ಮುಂದೆ ಒಂದೇ ಮಾತು ಹೇಳಿ. 'ನಂಗೇನೂ ಆಗಿಲ್ಲ, ನೀನು ಹೋಗಿ ಬಾ' ಅಂತ. ನನಗೆ ಬೇಡ, ನನ್ನ ತಂಗಿಗೋಸ್ಕರ ಹೇಳಿ. ಅವಳು ಬಾಗಿಲ ಹತ್ರ ಯಾರೂ ಇಲ್ಲದೆ ಒಳಗೆ ಹೋಗ್ಬಾರದು."

ಎಲ್ಲರೂ ಮೈಕಣ್ಣನ ಬಾಯನ್ನು ನೋಡಿದರು. ಮೈಕಣ್ಣ ಎದುರುನೋಡುತ್ತಿದ್ದದ್ದು ಒಂದೇ ಪದ. ಏನಾಯ್ತು ಎಂಬುದು. ಇಷ್ಟು ಉದ್ದದ ಮಾತಿನಲ್ಲಿ ಅದೊಂದು ಇರಲಿಲ್ಲವಲ್ಲ ಎಂದು ಅವನಿಗೆ ಇನ್ನಷ್ಟು ನೋವಾಯಿತು. ಅವನು ಅಕ್ಕನ ಭುಜದ ಕಡೆಗೆ ಮುಖ ತಿರುಗಿಸಿದ.

"ಸರಿ" ಎಂದಳು ಹೆಂಡತಿ. ಆ ಮನೆಯಲ್ಲಿ ಅಷ್ಟು ಚಿಕ್ಕ ಮಾತು ಅಷ್ಟು ಭಾರವಾಗಿ ಹಿಂದೆಂದೂ ಬಿದ್ದಿರಲಿಲ್ಲ.

ತಂಗಿಯ ಊರಿಗೆ ದಿನಕ್ಕೆ ಒಂದೇ ಬಸ್ಸು, ಮಧ್ಯಾಹ್ನದ್ದು. ಅದು ತಪ್ಪಿದರೆ ಮರುದಿನ ಬೆಳಿಗ್ಗೆ ಆಪರೇಷನ್ ಹೊತ್ತಿಗೆ ತಲುಪುವುದು ಸಾಧ್ಯವಿಲ್ಲ. ಹೊರಡುವ ದಿನ ಹೆಂಡತಿ ಹೊತ್ತಿಗೆ ಮುಂಚೆಯೇ ನಿಲ್ದಾಣಕ್ಕೆ ಬಂದು, ಆ ಬಸ್ಸು ಯಾವಾಗಲೂ ನಿಲ್ಲುವ ಮೂರನೇ ಪ್ಲಾಟ್‌ಫಾರಂನ ಬೆಂಚಿನ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಗಾಜಿನ ಕೊಠಡಿಯಲ್ಲಿ ಮೈಕಣ್ಣ, ಅವನ ಪಕ್ಕ ಮೈಕಿನ ಮುಂದೆ ಕಾಂಪೌಂಡರು, ಹಿಂದೆ ಬಿಸಿನೀರಿನ ಫ್ಲಾಸ್ಕು ಹಿಡಿದ ಅಕ್ಕ. ಗಂಡ ಹೆಂಡತಿಯ ಮಧ್ಯೆ ಒಂದು ಗಾಜು, ಒಂದು ರಸ್ತೆಯಗಲ ಜಾಗ.

ಆ ಹೊತ್ತಿಗೇ ಮೂರನೇ ಪ್ಲಾಟ್‌ಫಾರಂಗೆ ಒಂದು ಹಳೇ ಬಸ್ಸು ಬಂದು, ಕೆಮ್ಮಿ, ಕೆಟ್ಟು ನಿಂತಿತು. ಕಂಟ್ರೋಲರು ಕೊಠಡಿಯೊಳಗೆ ತಲೆ ಹಾಕಿ, "ಮಧ್ಯಾಹ್ನದ ಬಸ್ಸು ಹಿಂದಿನ ಏಳನೇ ಪ್ಲಾಟ್‌ಫಾರಂಗೆ ಹಾಕಿದೀನಿ. ಈಗ್ಲೇ ಹೊರಡುತ್ತೆ. ಕೂಗಿ ಬೇಗ" ಎಂದು ಬೈದು ಓಡಿದರು.

ಕಾಂಪೌಂಡರು ಮೈಕಿನ ಗುಂಡಿ ಒತ್ತಿದರು. ಬಾಯಿ ತೆರೆದರು. ಗಾಳಿ ಬಂತು. ಮತ್ತೆ ತೆರೆದರು. ಹಳೇ ಬಾಗಿಲಿನ ಕಿರುಗುಟ್ಟುವಿಕೆಯಂಥದೊಂದು ಬಂತು, ಅದೂ ನಿಂತುಹೋಯಿತು. ಅವರ ಧ್ವನಿಪೆಟ್ಟಿಗೆ ನಿಜವಾಗಿ ಹೋಗಿತ್ತು.

"ಅಯ್ಯೋ, ಇದು ಅಂಟುರೋಗ" ಎಂದು ಅಕ್ಕ ಸೆರಗನ್ನು ಮೂಗಿಗೆ ಹಿಡಿದಳು.

ಕಾಂಪೌಂಡರು ಮೈಕನ್ನು ಮೈಕಣ್ಣನ ಕಡೆ ತಳ್ಳಿ, ಮರುಕ್ಷಣ ಅವನಿಗೂ ಮಾತಿಲ್ಲವೆಂದು ನೆನಪಾಗಿ ಹಣೆ ಚಚ್ಚಿಕೊಂಡರು.

ಮೈಕಿನ ಕೆಂಪು ದೀಪ ಉರಿಯುತ್ತಿತ್ತು. ಏಳನೇ ಪ್ಲಾಟ್‌ಫಾರಂನಲ್ಲಿ ಡ್ರೈವರು ಎಂಜಿನ್ ಶುರುಮಾಡಿದ್ದ. ಕೆಟ್ಟ ಬಸ್ಸಿನ ಮರೆಯಲ್ಲಿದ್ದ ಹೆಂಡತಿಗೆ ಅದು ಕಾಣುತ್ತಿರಲಿಲ್ಲ. ಮೈಕಣ್ಣನಿಗೆ ಎರಡೂ ಕಡೆ ಕಾಣುತ್ತಿತ್ತು. "ಏಳನೇ ಪ್ಲಾಟ್‌ಫಾರಂ" ಎಂದು ಒಂದು ಮಾತು. ದಿನಕ್ಕೆ ನೂರು ಸಲ ಊರವರಿಗೆಲ್ಲ ಪುಕ್ಕಟೆ ಹಂಚುವ ಮಾತು.

ಅವನು ಸುಮ್ಮನೆ ಕೂತಿದ್ದ. ಬಸ್ಸು ತಪ್ಪಿದರೆ ಅವಳು ಮನೆಗೆ ಬರುತ್ತಾಳೆ. ಬಂದರೆ ಮೂರನೇ ಸಲ ಕೇಳಬಹುದು. ಇದು ಅವನ ಲೆಕ್ಕಾಚಾರ. ನಾನು ಸಾಮಾನ್ಯವಾಗಿ ಕೋಪ ಮಾಡಿಕೊಳ್ಳುವುದಿಲ್ಲ. ಎಲ್ಲವನ್ನೂ ಮಾಡಿಸುವವನು ಮೇಲಿದ್ದಾನೆ, ನಾವು ನೆಪ ಮಾತ್ರ ಎಂದು ನಂಬಿದವನು. ಆದರೆ ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ಭಗವಂತನನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಕೂರಿಸಿ, ಆ ಗಾಜಿನ ಬಾಗಿಲು ತಳ್ಳಿ ಒಳಗೆ ಹೋಗಬೇಕೆನ್ನಿಸುತ್ತದೆ.

ಆಗ ಹೆಂಡತಿ ತಲೆಯೆತ್ತಿ ಗಾಜಿನ ಕಡೆ ನೋಡಿದಳು. ಬಸ್ಸು ಯಾಕಿನ್ನೂ ಬಂದಿಲ್ಲವೆಂದು ನೋಡಿದ್ದು ಅಷ್ಟೇ. ಹುಬ್ಬು ಮೇಲಕ್ಕೆ ಹೋಗಿತ್ತು. ಮೈಕಣ್ಣನಿಗೆ ಆ ಹುಬ್ಬು ಬೇರೆಯಾಗಿ ಕಂಡಿತು. ಕೇಳುತ್ತಿದ್ದಾಳೆ. ಕೊನೆಗೂ ಕೇಳುತ್ತಿದ್ದಾಳೆ. ಮೂರನೇ ಸಲ. ಅವನು ಮೈಕಿನ ಮೇಲೆ ಬಾಗಿದ.

"ನೀನು ಒಬ್ಬಳೇ ಟೀ ಕುಡಿದೆ."

ನಿಲ್ದಾಣದ ಎಲ್ಲ ಧ್ವನಿವರ್ಧಕಗಳಲ್ಲೂ, ಕಕ್ಕಸಿನ ಬಾಗಿಲಿನಿಂದ ಸಾಮಾನಿನ ಗೋದಾಮಿನವರೆಗೆ, ಆ ತುಂಬು ಕಂಠ ಮೊಳಗಿತು. ಜನ ನಿಂತಲ್ಲೇ ನಿಂತರು. ಕ್ಯಾಂಟೀನಿನ ಮುಂದೆ ಲೋಟ ಹಿಡಿದಿದ್ದ ಹೆಂಗಸೊಬ್ಬಳು ಅದನ್ನು ಮೆಲ್ಲಗೆ ಕೆಳಗಿಟ್ಟು, "ನಂದು ಕಾಫಿ" ಎಂದಳು.

"ನಾನು ಬರೋವರೆಗೂ ಕಾಯ್ಲಿಲ್ಲ. ನೀನು ಲೋಟ ತೊಳೆದು ಬೋರಲು ಹಾಕಿದ್ದೆ. ನಾನು ಅಲ್ಲಿ ಕಂಬಳಿಯೊಳಗೆ ಬೇಯ್ತಿದ್ದೆ. ನೀನು ಎರಡೇ ಸಲ ಕೇಳ್ದೆ. ಮೂರನೇ ಸಲ ಕೇಳ್ಲೇ ಇಲ್ಲ."

"ಇದು ಯಾವ ರೂಟ್ ಸ್ವಾಮಿ?" ಎಂದು ಯಾರೋ ಕಂಡಕ್ಟರನ್ನು ಕೇಳಿದರು. "ಮನೆ ರೂಟ್. ಸುತ್ತುಬಳಸು" ಎಂದ ಅವನು.

ಅಕ್ಕನ ಕೈಯಿಂದ ಫ್ಲಾಸ್ಕು ಜಾರಿತು. ಕಾಂಪೌಂಡರು ತಮ್ಮ ಗಂಟಲನ್ನು ತಾವೇ ಹಿಡಿದುಕೊಂಡು, ಆಡಲಾಗದ ಸಾವಿರ ಮಾತನ್ನು ಕಣ್ಣಿನಲ್ಲೇ ಆಡಿದರು.

ಹೆಂಡತಿ ಎದ್ದಳು. ಚೀಲ ಹೆಗಲಿಗೇರಿಸಿಕೊಂಡು, ಜನ ಬಿಟ್ಟುಕೊಟ್ಟ ದಾರಿಯಲ್ಲಿ ನಡೆದು ಬಂದು, ಬಿರುಕುಬಿಟ್ಟ ಗಾಜಿನ ಬಾಗಿಲು ತಳ್ಳಿ ಒಳಗೆ ಬಂದಳು. ಅವನ ಮುಂದಿದ್ದ ಮೈಕನ್ನು ತನ್ನ ಕಡೆ ಎಳೆದುಕೊಂಡಳು. ಇಷ್ಟು ವರ್ಷ ಅವನು ಮನೆಯಲ್ಲಿ ಹೇಳಿ ತೋರಿಸುತ್ತಿದ್ದ ಪ್ರಕಟಣೆ ಅವಳಿಗೆ ಬಾಯಿಪಾಠವಾಗಿತ್ತು.

"ಪ್ರಯಾಣಿಕರ ಗಮನಕ್ಕೆ" ಎಂದಳು. "ಒಂದು ಮಗು ಸಿಕ್ಕಿದೆ. ವಯಸ್ಸು ನಲವತ್ತೇಳು. ಮೀಸೆಯಿದೆ. ಕೊರಳಲ್ಲಿ ಮಫ್ಲರ್ ಸುತ್ತಿದೆ. ಗಂಟಲು ಚೆನ್ನಾಗಿದೆ, ಎಲ್ಲರೂ ಕೇಳಿದಿರಿ. ಮೂರು ಸಲ ಕೇಳಿದರೆ ಮಾತ್ರ ತನ್ನ ನೋವು ಹೇಳುತ್ತದೆ. ಬೇರೆಯವರ ನೋವನ್ನು ಒಂದು ಸಲವೂ ಕೇಳುವುದಿಲ್ಲ. ಇದರ ತಾಯಿ ತೀರಿಹೋಗಿದ್ದಾರೆ. ಆ ಕೆಲಸ ನನಗೆ ವಹಿಸಿದ್ದರು. ಇಷ್ಟು ವರ್ಷ ಮಾಡಿದೆ. ಇವತ್ತು ಈ ಮಗುವನ್ನು ವಿಚಾರಣೆ ಕೊಠಡಿಯಲ್ಲಿ ಬಿಟ್ಟು ಹೋಗುತ್ತಿದ್ದೇನೆ. ಸಂಬಂಧಪಟ್ಟವರು ಬಂದು ಕರೆದುಕೊಂಡು ಹೋಗತಕ್ಕದ್ದು."

ಯಾರೂ ನಗಲಿಲ್ಲ. ಎರಡು ಮೂರು ಹೆಂಗಸರು ತಮ್ಮ ಪಕ್ಕದಲ್ಲಿದ್ದ ಗಂಡಸರ ಕಡೆ ತಿರುಗಿ ನೋಡಿದರು. ಆ ಗಂಡಸರು ಬಸ್ಸಿನ ಬೋರ್ಡುಗಳನ್ನು ಬಹಳ ಶ್ರದ್ಧೆಯಿಂದ ಓದತೊಡಗಿದರು.

ಅವಳು ಮೈಕನ್ನು ಆರಿಸಲಿಲ್ಲ. ಗಂಡನ ಕಡೆ ತಿರುಗಿದಳು. "ಆ ದಿನ ನಾನು ಯಾಕೆ ಒಬ್ಬಳೇ ಟೀ ಕುಡಿದೆ ಅಂತ ಇವತ್ತಿಗೂ ನೀವು ಕೇಳಿಲ್ಲ. ಇರ್ಲಿ. ನನ್ನ ಬಸ್ಸು ಎಲ್ಲಿ?"

ಮೈಕಣ್ಣ ಮಫ್ಲರಿನ ತುದಿ ಹಿಡಿದುಕೊಂಡ.

"ನನ್ನ ಬಸ್ಸು ಎಲ್ಲಿ ಅಂತ ಕೇಳ್ದೆ."

ಅಕ್ಕ ಮೆಲ್ಲಗೆ, "ಹೇಳೋ ಪುಟ್ಟ" ಎಂದಳು. ಆ ದನಿಯಲ್ಲಿ ಬೆಲ್ಲ ಇರಲಿಲ್ಲ.

"ನಿಮಗೆ ಬೇಕಿತ್ತಲ್ಲ, ಮೂರನೇ ಸಲ. ತಗೊಳ್ಳಿ, ಕೇಳ್ತಿದೀನಿ" ಎಂದಳು ಹೆಂಡತಿ. ಈಗ ಅವಳ ದನಿಯೂ ಒಡೆಯಿತು. "ನನ್ನ ಬಸ್ಸು ಎಲ್ಲಿ?"

"ಏಳನೇ ಪ್ಲಾಟ್‌ಫಾರಂ" ಎಂದ ಮೈಕಣ್ಣ.

ಅವಳು ಓಡಿದಳು. ಚೀಲ ಬೆನ್ನಿಗೆ ಬಡಿಯುತ್ತ, ಕೆಟ್ಟ ಬಸ್ಸನ್ನು ಸುತ್ತುಹಾಕಿ ಓಡಿದಳು. ಏಳನೇ ಪ್ಲಾಟ್‌ಫಾರಂನಲ್ಲಿ ಬಸ್ಸು ಹಿಂದಕ್ಕೆ ಸರಿಯುತ್ತಿತ್ತು. ಮೈಕಣ್ಣ ಗಾಜಿಗೆ ಮೂಗು ಒತ್ತಿ ನೋಡಿದ. ಬಸ್ಸು ತಿರುಗಿತು. ಅವನು ಮೈಕಿಗೆ ಬಾಯಿ ಹಾಕಿ, ಯಾವ ವಿಧಿವಿಧಾನವೂ ಇಲ್ಲದೆ, "ಡ್ರೈವರ್ ಅಣ್ಣಾ, ನಿಲ್ಸು. ಒಬ್ಬರು ಬರ್ತಿದಾರೆ, ಹತ್ತಿಸ್ಕೋ. ಅವರಿಗೆ ಹೋಗ್ಲೇಬೇಕು" ಎಂದು ಕೂಗಿದ.

ಬಸ್ಸು ನಿಂತಿತು. ಅವಳು ಹತ್ತಿದಳು. ತಿರುಗಿ ನೋಡಲಿಲ್ಲ. ನೋಡಬೇಕಾದ ಕಾರಣವೂ ಇರಲಿಲ್ಲ.

ಮರುದಿನ ಮಧ್ಯಾಹ್ನದವರೆಗೂ ಮೈಕಣ್ಣನನ್ನು ಕರೆದುಕೊಂಡು ಹೋಗಲು ಸಂಬಂಧಪಟ್ಟವರು ಯಾರೂ ಬರಲಿಲ್ಲ. ಅಕ್ಕ ಬೆಳಗಿನ ಬಸ್ಸಿಗೇ ತನ್ನ ಊರಿಗೆ ಹೊರಟುಹೋದಳು. ಬೀದಿಯವರು ಜೇನು ಕೊಟ್ಟ ಬಾಟಲಿಗಳನ್ನು ವಾಪಸು ಕೇಳಿ ತೆಗೆದುಕೊಂಡು ಹೋದರು. ಮೂಲೆಮನೆಯ ಮುದುಕಿ ತಾನು ತಂದಿಟ್ಟಿದ್ದ ದಿಂಬನ್ನೂ ಬಿಡದೆ ಒಯ್ದಳು. ಎದುರುಮನೆಯ ಕಾಂಪೌಂಡರು ಮಾತ್ರ ತಮ್ಮ ಜಗಲಿಯ ಮೇಲೆ ಮಫ್ಲರು ಸುತ್ತಿಕೊಂಡು ಕೂತಿದ್ದರು. ಅವರ ಗಂಟಲು ನಿಜಕ್ಕೂ ಕೆಟ್ಟಿದೆಯೆಂದು ನಂಬುವವರು ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಅವರ ಹೆಂಡತಿ ಮೊದಲೇ ನಂಬಿರಲಿಲ್ಲ.

ಮೈಕಣ್ಣ ಊಟದ ವಿರಾಮದಲ್ಲಿ ಕೊಠಡಿಯ ಬಾಗಿಲು ಹಾಕಿಕೊಂಡು ಹೆಂಡತಿಗೆ ಫೋನು ಮಾಡಿದ. ಆ ಕಡೆ ಎತ್ತಿದ ಸದ್ದಾಯಿತು. ಮಾತು ಬರಲಿಲ್ಲ.

"ಏನಾಯ್ತು?" ಎಂದ.

ಆ ಕಡೆ ದೂರದಲ್ಲಿ ಯಾರೋ ನರ್ಸಮ್ಮನನ್ನು ಕರೆದರು.

"ಆಪರೇಷನ್ ಏನಾಯ್ತು? ತಂಗಿ ಹೇಗಿದಾಳೆ?"

ಆಸ್ಪತ್ರೆಯ ಓಣಿಯಲ್ಲಿ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದ ಸದ್ದು ಕೇಳಿಸಿತು, ಅಷ್ಟೇ. ಮೈಕಣ್ಣ ಹಣೆಯ ಬೆವರು ಒರೆಸಿಕೊಂಡ. ಈ ಕಡೆ ಕೂತು ಕೇಳುವುದು ಇಷ್ಟು ಕಷ್ಟವೆಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಏನಾಯ್ತೇ?" ಎಂದ ಮೂರನೇ ಸಲ. "ಹೇಳು. ನೀನು ಹೇಗಿದೀಯ?"

"ಆಪರೇಷನ್ ಆಯ್ತು" ಎಂದಳು ಅವಳು. "ಒಳಗೆ ಹೋಗೋವಾಗ ತಿರುಗಿ ನೋಡಿದ್ಲು. ನಾನಿದ್ದೆ. ಗಡ್ಡೆ ತೆಗೆದಿದಾರೆ, ಭಯ ಇಲ್ಲ ಅಂದ್ರು. ನಾನೀಗ ಟೀ ಕುಡೀತಿದೀನಿ. ಒಬ್ಬಳೇ."

ಮೈಕಣ್ಣನ ಬಾಯಿ ತೆರೆದುಕೊಂಡಿತು. ಮನೆಯಲ್ಲಿ ಮಡಚಿಟ್ಟಿದ್ದ ಕಂಬಳಿ ಕಣ್ಣ ಮುಂದೆ ಬಂತು. ಬಾಯಿ ಮುಚ್ಚಿಕೊಂಡಿತು.

ಆ ಕಡೆಯಿಂದ ಟೀ ಹೀರುವ ಸದ್ದು ಬಂತು. ನಿಧಾನವಾಗಿ, ಬೇಕೆಂದೇ ಜೋರಾಗಿ. ಸ್ವಲ್ಪ ಬಿಡುವು ಕೊಟ್ಟು ಮತ್ತೊಂದು ಗುಟುಕು. ಗಾಜಿನ ಹೊರಗೆ ಕಂಟ್ರೋಲರು ಬಂದು ಬಾಗಿಲು ಬಡಿಯತೊಡಗಿದರು. ಮೈಕಣ್ಣ ಅವರಿಗೆ ಕೈಯೆತ್ತಿ ತಡೆಯಿರಿ ಎಂದು ಸನ್ನೆ ಮಾಡಿ, ಲೋಟ ಖಾಲಿಯಾಗುವವರೆಗೂ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.